ಬಾಂಬ್ ಸಿಡಿದದ್ದು ಬೆಂಗಳೂರಿನಲ್ಲಿ, ನಿದ್ದೆ ಕೆಟ್ಟದ್ದು ಕುಷ್ಟಗಿಯಲ್ಲಿ

2024ರ ಮಾರ್ಚ್ 1ರ ಮಧ್ಯಾಹ್ನ ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಯಾರೂ ಸಾಯಲಿಲ್ಲ, ಹಲವರು ಗಾಯಗೊಂಡರು. ಕೆಲವೇ ದಿನಗಳಲ್ಲಿ ತನಿಖೆಯ ಜಾಡು ಬಳ್ಳಾರಿಯ ಬಸ್ ನಿಲ್ದಾಣದವರೆಗೂ ಬಂತು. ಟೋಪಿ, ಮಾಸ್ಕ್ ಹಾಕಿ ಹೆಗಲಿಗೆ ಚೀಲ ಏರಿಸಿದ್ದ ಶಂಕಿತನ ಸಿಸಿಟಿವಿ ದೃಶ್ಯ ಚಾನೆಲ್‌ಗಳಲ್ಲೂ ವಾಟ್ಸಾಪ್ ಗುಂಪುಗಳಲ್ಲೂ ಬಿಡುವಿಲ್ಲದೆ ತಿರುಗಿತು. ನಮ್ಮ ಗಂಗಾವತಿ ಕಡೆಯವರು ತುಂಗಭದ್ರೆ ದಾಟಿದರೆ ಕಂಪ್ಲಿ, ಅಲ್ಲಿಂದಲೇ ಬಳ್ಳಾರಿ ಜಿಲ್ಲೆ. ಕುಷ್ಟಗಿ, ಯಲಬುರ್ಗಾದ ಎಷ್ಟೋ ಮನೆಗಳ ಮಕ್ಕಳು ದುಡಿಯುವುದು ಬೆಂಗಳೂರಿನಲ್ಲಿ. ಮರುವರ್ಷ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಗುಂಡಿಟ್ಟು ಕೊಂದಾಗ ಸತ್ತವರಲ್ಲಿ ಶಿವಮೊಗ್ಗದವರು, ಬೆಂಗಳೂರಿನವರು ಇದ್ದರು. ಇಂಥ ಹೊತ್ತಿನಲ್ಲಿ ನಮ್ಮ ಕಡೆ ಏಳುವ ಪ್ರಶ್ನೆ ಒಂದೇ: ನಾವೇನ್ ಅಲ್ಲಿ ಇರ್ಲಿಲ್ಲ, ಆದ್ರೂ ಯಾಕ ನಿದ್ದಿ ಬರವಲ್ದು?

ಈ ಪ್ರಶ್ನೆಗೆ ತೀರಾ ಹತ್ತಿರದ ಉತ್ತರ ಸಿಕ್ಕಿರುವುದು ದೂರದ ಬಾಸ್ಟನ್ನಿನಿಂದ. 2013ರ ಏಪ್ರಿಲ್ 15ರಂದು ಅಲ್ಲಿನ ಮ್ಯಾರಥಾನ್ ಓಟದ ಕೊನೆಯ ಗೆರೆಯ ಹತ್ತಿರ ಎರಡು ಬಾಂಬ್ ಸಿಡಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಅಲಿಸನ್ ಹೋಮನ್, ಡಾನಾ ರೋಸ್ ಗಾರ್ಫಿನ್, ರಾಕ್ಸೇನ್ ಕೋಹೆನ್ ಸಿಲ್ವರ್ ಅವರು ಮುಂದಿನ ಕೆಲ ವಾರಗಳಲ್ಲಿ 4,675 ಜನರನ್ನು ಪ್ರಶ್ನಿಸಿದರು. ದಾಳಿಯ ನಂತರದ ವಾರದಲ್ಲಿ ದಿನಕ್ಕೆ ಆರು ತಾಸು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಅದೇ ಸುದ್ದಿ ನೋಡಿದವರಲ್ಲಿ ಕಂಡ ತೀವ್ರ ಒತ್ತಡ, ಸ್ಥಳದಲ್ಲೇ ಇದ್ದವರ ಒತ್ತಡಕ್ಕಿಂತ ಹೆಚ್ಚಾಗಿತ್ತು. ಈ ಫಲಿತಾಂಶವನ್ನು ಸುಮ್ಮನೆ ಓದಿ ಮುಂದೆ ಹೋಗಬಾರದು. ಸ್ಥಳದಲ್ಲಿದ್ದವನು ಸ್ಫೋಟವನ್ನು ಒಮ್ಮೆ ಕಾಣುತ್ತಾನೆ, ಆಮೇಲೆ ಹೊಗೆ ತಿಳಿಯಾಗುವುದನ್ನೂ ಆಂಬುಲೆನ್ಸ್ ಬರುವುದನ್ನೂ ಕಾಣುತ್ತಾನೆ. ಟಿ.ವಿ. ಮುಂದೆ ಕೂತವನಿಗೆ ಹೊಗೆ ತಿಳಿಯಾಗುವುದೇ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ಅದೇ ಬಾಂಬ್ ಮತ್ತೆ ಸಿಡಿಯುತ್ತದೆ. ಅಪಾಯ ಮುಗಿಯಿತು ಎಂಬ ಸೂಚನೆ ಮೈಗೆ ಸಿಗುವುದೇ ಇಲ್ಲ, ಅದಕ್ಕೇ ಅದು ಎಚ್ಚರವಾಗಿ ಉಳಿಯುತ್ತದೆ ಎಂಬುದು ನನ್ನ ಗ್ರಹಿಕೆ. ಸಣ್ಣ ಮಕ್ಕಳಂತೂ ಪ್ರತಿ ಮರುಪ್ರಸಾರವನ್ನೂ ಹೊಸ ದಾಳಿ ಎಂದೇ ತಿಳಿಯಬಹುದು.

ಮೊದಲೇ ಅಂಜುಬುರುಕರಾದವರೇ ಹೆಚ್ಚು ಸುದ್ದಿ ನೋಡುತ್ತಾರೆ, ಸುದ್ದಿಯನ್ನೇಕೆ ದೂರುತ್ತೀರಿ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಆಕ್ಷೇಪ. ಆ ಸಂಶೋಧಕರು ದಾಳಿಗೆ ಮೊದಲಿನ ಮಾನಸಿಕ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ನಂಟು ಉಳಿದಿತ್ತು. ಮುಂದೆ ಅದೇ ತಂಡ 2016ರ ಒರ್ಲ್ಯಾಂಡೊ ನೈಟ್‌ಕ್ಲಬ್ ಗುಂಡಿನ ದಾಳಿಯವರೆಗೂ ಅದೇ ಜನರ ಬೆನ್ನುಹತ್ತಿ ನೋಡಿದಾಗ ಆಕ್ಷೇಪದಲ್ಲೂ ಅರ್ಧ ಸತ್ಯವಿದೆ ಎಂದು ಗೊತ್ತಾಯಿತು: ಮೊದಲ ಬಾರಿ ಹೆಚ್ಚು ನೋಡಿದವರಲ್ಲಿ ಆತಂಕ ಬೆಳೆಯಿತು, ಆ ಆತಂಕವೇ ಮುಂದಿನ ದಾಳಿಯಲ್ಲಿ ಅವರನ್ನು ಇನ್ನಷ್ಟು ನೋಡುವಂತೆ ಮಾಡಿತು. ಇದೊಂದು ಸುಳಿ. ಸುಳಿಯಿಂದ ಹೊರಬರಲು ನಮ್ಮ ಕೈಯಲ್ಲಿರುವುದು ರಿಮೋಟು ಮತ್ತು ಮೊಬೈಲ್ ಮಾತ್ರ. ಅವನ್ನು ಆರಿಸಿಟ್ಟರೆ ಸತ್ತವರ ಬಗ್ಗೆ ಇಷ್ಟು ನಿರ್ಲಕ್ಷ್ಯವೇ ಎಂದು ಕೇಳಿದರೆ, ಏನಾಯಿತೆಂದು ಬೆಳಿಗ್ಗೆ ಪತ್ರಿಕೆಯಲ್ಲಿ ಓದಿ ತಿಳಿಯುವುದು ನಿರ್ಲಕ್ಷ್ಯವಲ್ಲ. ರಕ್ತದ ಕಲೆಯ ವಿಡಿಯೊವನ್ನು ನೂರನೇ ಸಲ ನೋಡಿದರೆ ಸತ್ತವರ ಮನೆಯವರಿಗೆ ಏನೂ ಸಿಗುವುದಿಲ್ಲ.

ಇನ್ನೊಂದು ಗಟ್ಟಿ ನಂಬಿಕೆಯಿದೆ: ಎಲ್ಲವನ್ನೂ ಹೇಳಿಕೊಂಡುಬಿಟ್ಟರೆ ಮನಸ್ಸು ಹಗುರಾಗುತ್ತದೆ. ಇದರ ಇತಿಹಾಸ ಸ್ವಾರಸ್ಯದ್ದು. 1983ರಲ್ಲಿ ಜೆಫ್ರಿ ಮಿಚೆಲ್ ಎಂಬವರು ಅಮೆರಿಕದ ಆಂಬುಲೆನ್ಸ್, ಅಗ್ನಿಶಾಮಕ ಸಿಬ್ಬಂದಿಗಾಗಿ 'ಡಿಬ್ರೀಫಿಂಗ್' ಎಂಬ ವಿಧಾನ ರೂಪಿಸಿದರು. ಘಟನೆಯಾದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಕೂರಿಸಿ, ಕಂಡದ್ದು ಅನಿಸಿದ್ದು ಎಲ್ಲ ಹೇಳಿಸುವುದು. ಅದು ಜಗತ್ತಿನಾದ್ಯಂತ ಹಬ್ಬಿತು, ಅಪಘಾತಕ್ಕೊಳಗಾದ ಸಾಮಾನ್ಯರಿಗೂ ಬಂತು. ಆಮೇಲೆ ಆಕ್ಸ್‌ಫರ್ಡ್‌ನ ರಿಚರ್ಡ್ ಮೇಯೂ ತಂಡ ರಸ್ತೆ ಅಪಘಾತದ ಗಾಯಾಳುಗಳನ್ನು ಮೂರು ವರ್ಷ ಬಿಟ್ಟು ನೋಡಿತು. ಮೊದಲಿಗೆ ತೀವ್ರವಾಗಿ ಕಂಗೆಟ್ಟಿದ್ದವರಲ್ಲಿ, ಯಾರಿಂದ ಏನನ್ನೂ ಹೇಳಿಸದೆ ಬಿಟ್ಟಿದ್ದರೋ ಅವರು ಚೇತರಿಸಿಕೊಂಡಿದ್ದರು. ಡಿಬ್ರೀಫಿಂಗ್ ಪಡೆದವರು ಇನ್ನೂ ನರಳುತ್ತಿದ್ದರು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗುವ ಕೊಕ್ರೇನ್ ಪರಾಮರ್ಶೆಯೂ ಡಿಬ್ರೀಫಿಂಗ್‌ನಿಂದ ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಈಗ ಇದನ್ನು ಬೇಡವೆನ್ನುತ್ತದೆ. ಆದ್ದರಿಂದ ದಾಳಿಯಾದ ಮರುದಿನವೇ ಶಾಲೆಗಳಲ್ಲಿ ಸಾಮೂಹಿಕ ಕೌನ್ಸೆಲಿಂಗ್ ಎಂದು ಹೊರಡುವ ಉತ್ಸಾಹವನ್ನು ನಾನು ಒಪ್ಪಲಾರೆ. ತಾನಾಗಿ ಹೇಳಲು ಬಂದವರ ಮಾತು ಕೇಳುವುದು ಬೇರೆ, ಬಾಯಿ ಬಿಡಿಸುವುದು ಬೇರೆ.

ಬಿಟ್ಟರೆ ತಾನೇ ಹೋಗುತ್ತದೆಯೇ? ಬಹುಪಾಲು ಜನರಿಗೆ ಹೌದು. 2001ರ ಸೆಪ್ಟೆಂಬರ್ ದಾಳಿಯ ನಂತರ ಸಂದ್ರೊ ಗಲಿಯಾ ತಂಡ ಮ್ಯಾನ್‌ಹಟನ್ನಿನಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಯ ಲಕ್ಷಣ ಇದ್ದವರು ಶೇ 7.5, ಆರು ತಿಂಗಳ ಹೊತ್ತಿಗೆ ಅದು ಶೇ 0.6ಕ್ಕೆ ಇಳಿದಿತ್ತು. ಚೇತರಿಕೆಗೆ ನೆರವಾಗುವುದೇನು ಎಂದು ಸ್ಟೀವನ್ ಹಾಬ್‌ಫಾಲ್ ಮತ್ತು ಸಂಗಡಿಗರು 2007ರಲ್ಲಿ ಸಾಕ್ಷ್ಯಗಳನ್ನೆಲ್ಲ ಜಾಲಾಡಿ ಹೇಳಿದ್ದು ಸರಳವಾಗಿದೆ: ಸುರಕ್ಷಿತವಾಗಿದ್ದೇವೆಂಬ ಭಾವ, ಶಾಂತ ಮನಸ್ಸು, ನಮ್ಮಿಂದ ಏನಾದರೂ ಆದೀತೆಂಬ ಧೈರ್ಯ, ಜನರ ಒಡನಾಟ, ಭರವಸೆ. ಒಡನಾಟವೇ ನಮ್ಮಲ್ಲಿ ಮೊದಲು ಪೆಟ್ಟು ತಿನ್ನುವುದು. ಭಯ ಹೆಚ್ಚಾದ ವಾರದಲ್ಲೇ ಪಕ್ಕದ ಓಣಿಯವರ ಮೇಲೆ ಅನುಮಾನದ ಸಂದೇಶಗಳು ಹರಿದಾಡುತ್ತವೆ. ಮೊಹರಂನಲ್ಲಿ ಹಿಂದೂಗಳೂ ಮುಸ್ಲಿಮರೂ ಒಂದೇ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವ ಹಳ್ಳಿಗಳ ಸೀಮೆಯಿದು. ಆ ಸಂದೇಶವನ್ನು ಮುಂದಕ್ಕೆ ಕಳಿಸುವವರು ತಮ್ಮ ಚೇತರಿಕೆಯ ಬೇರನ್ನೇ ಕಡಿಯುತ್ತಾರೆ.

ತಾವಾಗಿ ಚೇತರಿಸಿಕೊಳ್ಳದ ಉಳಿದ ಕೆಲವರ ಗತಿಯೇನು? ಇದಕ್ಕೆ ಉತ್ತರ ಹುಡುಕಿದ್ದು ನಮ್ಮ ಮಗ್ಗುಲಲ್ಲೇ. 1985ರಿಂದ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಮನೋರೋಗವನ್ನು ಹಳ್ಳಿಯಲ್ಲೇ ಗುರುತಿಸಿ ಔಷಧ ಕೊಡಬಹುದೆಂದು ತೋರಿಸಿತು. 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ತುಂಗಭದ್ರೆಯ ದಂಡೆಯ ಈ ಕೆಲಸದ ಬಗ್ಗೆ ನಾವು ಇನ್ನಷ್ಟು ಹೆಮ್ಮೆಯಿಂದ ಮಾತಾಡಬೇಕಿತ್ತು. ಇಂದು ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಒಂದು ತಿಂಗಳು ದಾಟಿದರೂ ಅದೇ ದೃಶ್ಯ ಕಣ್ಣೆದುರು ಬಂದು ಮೈ ಬೆವರುತ್ತಿದ್ದರೆ, ಬಸ್ ನಿಲ್ದಾಣದ ಕಡೆ ಕಾಲೇ ಬಾರದಿದ್ದರೆ, ಮಗ ಬೆಂಗಳೂರಿನಿಂದ ಫೋನ್ ಎತ್ತದ ಪ್ರತಿ ಸಲವೂ ತಾಯಿ ಕುಸಿದು ಕೂರುತ್ತಿದ್ದರೆ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು, ಜೊತೆಗೆ ಮನೆಯವರೊಬ್ಬರು ಹೋಗಬೇಕು.