ಹಿತಕಿದ ಬೇಳೆಯೂ ಗಣಕಗಳ ಲೆಕ್ಕವೂ

ಧನುರ್ಮಾಸದಲ್ಲಿ ಜಯನಗರದ ಮಾರುಕಟ್ಟೆಯಿಂದ ಐದು ಕಿಲೋ ಅವರೆಕಾಯಿ ಬಂತೆಂದರೆ ಮನೆಮಂದಿಯೆಲ್ಲ ಮೊರದ ಸುತ್ತ ಕೂರುತ್ತಾರೆ. ಯಾರೂ ಯಾರಿಗೂ ಕಾಯಬೇಕಿಲ್ಲ. ಹಿತಕಿದ ಬೇಳೆ ಕೊನೆಗೆ ಒಂದೇ ಪಾತ್ರೆಗೆ ಬೀಳುತ್ತದೆ. ವೈದ್ಯವಿಜ್ಞಾನದ ದೊಡ್ಡ ಲೆಕ್ಕಗಳನ್ನೂ ಹೀಗೆಯೇ ಅನೇಕ ಗಣಕಯಂತ್ರಗಳಿಗೆ ಹಂಚಲಾಗುತ್ತದೆ.

ನಮ್ಮ ದೇಹದ ಪ್ರೋಟೀನು ಸರಪಳಿಯಂಥದು. ಅದು ಸರಿಯಾಗಿ ಮಡಿಸಿಕೊಳ್ಳದಿದ್ದರೆ ತೊಂದರೆ. ಮರೆವಿನ ಕಾಯಿಲೆಯಾದ ಆಲ್ಜೈಮರ್‌ಗೂ ಇದಕ್ಕೂ ನಂಟಿದೆ. ಈ ಮಡಿಕೆಯನ್ನು ಲೆಕ್ಕಹಾಕಲು ಒಂದೇ ಗಣಕಕ್ಕೆ ವರ್ಷಗಳೇ ಬೇಕು. ಅದಕ್ಕಾಗಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ‘ಫೋಲ್ಡಿಂಗ್ ಅಟ್ ಹೋಮ್’ ಯೋಜನೆ ಆರಂಭವಾಯಿತು. ಮನೆಗಳಲ್ಲಿ ಬಿಡುವಾಗಿರುವ ಗಣಕಗಳು ಅಂತರ್ಜಾಲದ ಮೂಲಕ ಒಂದೊಂದು ತುಣುಕು ಪಡೆದು, ಲೆಕ್ಕಮಾಡಿ ಹಿಂದಿರುಗಿಸುತ್ತವೆ. 2020ರ ಕೋವಿಡ್ ಕಾಲದಲ್ಲಿ ಇವುಗಳ ಒಟ್ಟು ಸಾಮರ್ಥ್ಯ ಸೆಕೆಂಡಿಗೆ 1ರ ಮುಂದೆ 18 ಸೊನ್ನೆಗಳಷ್ಟು ಲೆಕ್ಕವನ್ನು ದಾಟಿತು.

ಆದರೆ ಎಲ್ಲ ಲೆಕ್ಕವನ್ನೂ ಹಂಚಲಾಗದು. ಹತ್ತು ಮಂದಿ ಒಲೆ ಮುಂದೆ ನಿಂತರೂ ಸಾರು ಬೇಗ ಕುದಿಯದು. ಪ್ರೋಟೀನಿನ ಚಲನೆಯೂ ಹೆಜ್ಜೆಯ ನಂತರ ಹೆಜ್ಜೆ. ಆದ್ದರಿಂದ ಒಂದೇ ಉದ್ದನೆಯ ಲೆಕ್ಕದ ಬದಲು ಅನೇಕ ಚಿಕ್ಕ ಲೆಕ್ಕಗಳನ್ನು ಬೇರೆ ಬೇರೆ ಸ್ಥಿತಿಯಿಂದ ಆರಂಭಿಸಿ, ಉತ್ತರಗಳನ್ನು ಸಂಖ್ಯಾಶಾಸ್ತ್ರದ ನೆರವಿನಿಂದ ಹೆಣೆಯುತ್ತಾರೆ. ಎಲ್ಲವೂ ಒಂದೇ ರೀತಿ ಆರಂಭವಾದರೆ ಒಂದೇ ಉತ್ತರ ಸಾವಿರ ಸಲ ಬಂದೀತು!

ನಿಮ್ಮ ಗಣಕವನ್ನೂ ಸೇರಿಸಬಹುದೆ? ಅಗತ್ಯವಾಗಿ. ಅದಕ್ಕೆ ನಿಮ್ಮ ಮನೆಯವರ ವೈದ್ಯಕೀಯ ವರದಿ ಯಾವುದೂ ಬೇಡ. ಯಂತ್ರ ಬಿಸಿಯಾಗುತ್ತದೆ, ವಿದ್ಯುತ್ ಬಿಲ್ಲು ಏರುತ್ತದೆ ಎಂಬುದು ನೆನಪಿರಲಿ. ತಂತ್ರಾಂಶವನ್ನು ಯೋಜನೆಯ ಅಧಿಕೃತ ತಾಣದಿಂದಲೇ ಪಡೆಯಿರಿ. ಫಲ ನಾಳೆಯೇ ಕೈಗೆ ಸಿಗದು. ಹಿರಿಯರಿಗೆ ವೈದ್ಯರು ಬರೆದುಕೊಟ್ಟ ಔಷಧಿಯನ್ನು ಮಾತ್ರ ತಪ್ಪಿಸಬೇಡಿ.