ಕಲ್ಪವಲ್ಲಿಯ ಕಾಡು ಕಾದವರು

ನನ್ನ ಭಾಮೈದನ ಊರು ರೊದ್ದಂ ಹತ್ತಿರ. ನಮ್ಮ ಪಾವಗಡದ ಗಡಿ ದಾಟಿದರೆ ಆಂಧ್ರ, ನೆಲ ಮಾತ್ರ ಒಂದೇ. ಅದೇ ಕೆಂಪು ಮಣ್ಣು, ಅದೇ ಕಡ್ಲೆಕಾಯಿ, ಅದೇ ಬೋಳು ಗುಡ್ಡ. ವರ್ಷಕ್ಕೆ ಐನೂರು ಚಿಲ್ಲರೆ ಮಿಲಿಮೀಟರ್ ಮಳೆ, ಅದೂ ಬಂದರೆ ಬಂತು. 2003ರ ಬರದಲ್ಲಿ ನಾನು ಒಂದು ಜೊತೆ ಎತ್ತು ಮಾರಿದೆ. ಭಾಮೈದ ಒಂದು ಕುರೀನೂ ಮಾರಲಿಲ್ಲ. ಮೇವು ಎಲ್ಲಿಂದ ತಂದ್ಯೋ ಅಂತ ಕೇಳಿದ್ದಕ್ಕೆ, "ಕಲ್ಪವಲ್ಲಿ ಕಡೆಗೆ ಹೊಡ್ಕೊಂಡು ಹೋಗಿದ್ದೆ ಭಾವ" ಅಂದ.

ಆ ಹೆಸರು ಕೇಳಿದ್ದು ಅವತ್ತೇ ಮೊದಲು. ಆಮೇಲೆ ನಾಲ್ಕು ಸಲ ಹೋಗಿ ನೋಡಿ ಬಂದಿದೀನಿ. ನೋಡಿದ್ದನ್ನು, ಅಲ್ಲಿಯವರಿಂದ ಕೇಳಿ ತಿಳಿದಿದ್ದನ್ನು ಬರೀತಾ ಇದೀನಿ.

ಬಂದವರು, ಉಳಿದವರು

ಅನಂತಪುರ ಜಿಲ್ಲೆಯ (2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆ) ಚೆನ್ನೇಕೊತ್ತಪಲ್ಲಿ ಬಳಿ 1990ರಲ್ಲಿ ಬಬ್ಲು ಗಂಗೂಲಿ, ಮೇರಿ ವಟ್ಟಮಟ್ಟಂ ದಂಪತಿ ತಮ್ಮ ಗೆಳೆಯರ ಜೊತೆ ಸೇರಿ 32 ಎಕರೆ ಜಮೀನು ಕೊಂಡರು. ಯಾರಿಗೂ ಬೇಡವಾಗಿದ್ದ ಬೀಳು. ಅದಕ್ಕೆ ಟಿಂಬಕ್ಟು ಅಂತ ಹೆಸರಿಟ್ಟರು. ಇಬ್ಬರೂ ಆ ಊರಿನವರಲ್ಲ. ಅದಕ್ಕೂ ಮೊದಲು ಪೆನುಗೊಂಡ ಕಡೆ ಕೂಲಿಕಾರರ ಸಂಘಟನೆಯಲ್ಲಿ ಕೆಲಸ ಮಾಡಿದ್ದವರು. ಜಪಾನಿನ ಫುಕುವೊಕಾ ಅವರ ಸಹಜ ಕೃಷಿಯ ವಿಚಾರ ಓದಿ, ಈ ನೆಲವನ್ನು ಅದರ ಪಾಡಿಗೆ ಬಿಟ್ಟರೆ ಏನಾಗುತ್ತೆ ನೋಡೋಣ ಅಂತ ಹೊರಟರಂತೆ.

ಪಾಡಿಗೆ ಬಿಡೋದು ಅಂದರೆ ಕೈಕಟ್ಟಿ ಕೂರೋದಲ್ಲ. ದನಕುರಿ ನುಗ್ಗದ ಹಾಗೆ ನೋಡ್ಕೊಂಡರು. ಬೆಂಕಿ ಬೀಳದ ಹಾಗೆ ಕಾದರು. ಓಡೋ ನೀರಿಗೆ ಅಡ್ಡ ಕಲ್ಲು ಮಣ್ಣು ಇಟ್ಟರು. ಕೆಲವೇ ವರ್ಷದಲ್ಲಿ ಹಳೇ ಬುಡಗಳೆಲ್ಲ ಚಿಗುರಿದವು. ಇದನ್ನು ನೋಡಿದ ಮೇಲೆ ಪಕ್ಕದ ಮುಷ್ಟಿಕೋವಿಲದವರು ನಮ್ಮ ಗುಡ್ಡಕ್ಕೂ ಹೀಗೇ ಮಾಡೋಣ ಅಂತ 1992-93ರ ಸುಮಾರಿಗೆ ಮುಂದೆ ಬಂದರು. ಅಲ್ಲಿಂದ ಊರಿಂದ ಊರಿಗೆ ಹಬ್ಬಿ ಕಲ್ಪವಲ್ಲಿ ಆಯಿತು. ಈಗ ಏಳು ಸಾವಿರ ಎಕರೆಗೂ ಮೇಲೆ. ಊರಿನವರದೇ ಸಹಕಾರ ಸಂಘ ಅದನ್ನು ನೋಡ್ಕೊಳ್ಳುತ್ತೆ.

ಹೊರಗಿನಿಂದ ಬಂದು ಸಂಸ್ಥೆ ಕಟ್ಟಿದವರನ್ನು ನಾವು ಬಹಳ ನೋಡಿದೀವಿ. ಜೀಪು ಬರುತ್ತೆ, ಸಭೆ ಆಗುತ್ತೆ, ಯೋಜನೆ ಮುಗಿದರೆ ಬೋರ್ಡು ಮಾತ್ರ ಇರುತ್ತೆ. ಇವರು ಅಲ್ಲೇ ಮನೆ ಕಟ್ಟಿಕೊಂಡು ಉಳಿದರು. ಹೆಂಗಸರ ಉಳಿತಾಯ ಸಂಘಗಳು ಬೆಳೆದವು. ಸಿರಿಧಾನ್ಯ ಬೆಳೆಯೋ ರೈತರದೇ ಮಾರಾಟದ ಸಂಘವೂ ಆಯಿತು. ನನಗೆ ದೊಡ್ಡದಾಗಿ ಕಂಡಿದ್ದು ಈ ಉಳಿದ ಕೆಲಸವೇ.

ಬೆಂಕಿ ಕಾಯೋ ಕೆಲಸ

ಮೊದಲ ಸಲ ಹೋದಾಗ ಕಾವಲಿನ ಒಬ್ಬ ಅಜ್ಜ ನಮ್ಮನ್ನು ಸುತ್ತಿಸಿದ. ಇಷ್ಟು ಗಿಡ ಯಾರು ನೆಟ್ಟರು ಅಂತ ಕೇಳಿದೆ. ನಕ್ಕುಬಿಟ್ಟ. ಬೀಜ ಎರಚಿದ್ದೂ ಉಂಟಂತೆ, ಆದರೆ ಹೆಚ್ಚಿನದು ನೆಲದಲ್ಲೇ ಇತ್ತಂತೆ; ಹಕ್ಕಿ ತಂದಿದ್ದು, ನರಿ ತಿಂದು ಹಾಕಿದ್ದು, ಹಳೇ ಬೇರು. ತಾವು ಮಾಡಿದ್ದು ಬೆಂಕಿ ಕಾದಿದ್ದು ಅಂದ.

ಮಳೆಗಾಲ ಮುಗಿದ ಮೇಲೆ ಹುಲ್ಲು ಎದೆಮಟ್ಟ ಬಂದಿರುತ್ತೆ. ಸಂಕ್ರಾಂತಿ ದಾಟಿದರೆ ಪೂರ್ತಿ ಒಣಗುತ್ತೆ. ಆಗ ಒಂದು ಬೀಡಿ ತುಂಡು ಸಾಕು. ಅದಕ್ಕೇ ಮುಂಚೆನೇ ಹುಲ್ಲು ಸವರಿ ಗುಡ್ಡದ ಮೇಲೆ ಉದ್ದಕ್ಕೂ ಬೆಂಕಿದಾರಿ ಮಾಡ್ತಾರೆ. ಆ ದಾರಿಗೆ ಬಂದ ಬೆಂಕಿ ಅಲ್ಲಿಗೆ ನಿಲ್ಲಬೇಕು. ಹುಲ್ಲು ಕೊಯ್ದು ಹೊರೆ ಒಯ್ಯೋದಕ್ಕೂ ಊರಿನವರಿಗೆ ಅವಕಾಶ. ಮೇವೂ ಆಯಿತು, ಉರಿಯೋದೂ ಕಡಿಮೆಯಾಯಿತು. ಹಳ್ಳದ ಪಕ್ಕ ಈಚಲು ತಾನಾಗಿ ಎದ್ದಿದೆ. ಅದರ ಗರಿಯಿಂದ ಪೊರಕೆ, ಬುಟ್ಟಿ. ಹಸಿ ಮರಕ್ಕೆ ಕೊಡಲಿ ಹಾಕೋ ಹಾಗಿಲ್ಲ. ತೋಳ ವಾಪಸ್ ಬಂದಿದೆ. ಭಾಮೈದನಿಗೆ ಅದೊಂದೇ ಬೇಜಾರು.

ಹುಲ್ಲು ನಿಂತ ಮೇಲೆ ಮಣ್ಣು ನಿಂತಿತು. ಮಣ್ಣು ನಿಂತ ಮೇಲೆ ನೀರು ಇಳಿಯಿತು. ಮುಷ್ಟಿಕೋವಿಲದ ಕೆರೆಗೆ ನೀರು ಬಂತು. ಮೊದಲು ದೊಡ್ಡ ಮಳೆ ಬಂದರೆ ಕೆಂಪುನೀರು ಒಂದು ಗಳಿಗೆ ಧೋ ಅಂತ ಹರಿದು, ಸಂಜೆಗೆ ಹಳ್ಳ ಒಣಗಿರುತ್ತಿತ್ತು ಅಂತ ಅಜ್ಜ ಹೇಳಿದ. ನಮ್ಮೂರಲ್ಲಿ ಇವತ್ತಿಗೂ ಹಾಗೇ.

ನಮ್ಮ ಗುಡ್ಡದ ಕತೆ

ಇದನ್ನು ಹೇಳದೇ ಇದ್ದರೆ ತಪ್ಪಾಗುತ್ತೆ. ನಮ್ಮೂರ ಗುಡ್ಡಕ್ಕೆ ಬೆಂಕಿ ಹಾಕಿದವರಲ್ಲಿ ನಾನೂ ಒಬ್ಬ. ಹುಡುಗನಾಗಿದ್ದಾಗ ದನ ಕಾಯ್ತಾ, ಕಡ್ಡಿ ಗೀರಿ ಹಾಕ್ತಿದ್ವಿ. ಒಣಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೇ ಚಿಗುರು ಬರುತ್ತೆ ಅಂತ ದೊಡ್ಡವರೇ ಹೇಳಿಕೊಟ್ಟಿದ್ದು. ಚಿಗುರು ಬರೋದು ನಿಜ. ಅದರ ಜೊತೆಗೆ ಗೇಣುದ್ದದ ಬೇವು, ಹೊಂಗೆ, ಸೀತಾಫಲ ಎಲ್ಲ ವರ್ಷವರ್ಷ ಸುಟ್ಟುಹೋಗ್ತಿತ್ತು ಅನ್ನೋದು ನಮಗೆ ಕಾಣಲಿಲ್ಲ.

ಆಮೇಲೆ ಒಂದು ಯೋಜನೆಯಲ್ಲಿ ಅದೇ ಗುಡ್ಡಕ್ಕೆ ಗುಂಡಿ ತೋಡಿ ಸಸಿ ನೆಟ್ಟರು. ನಾನೂ ಕೂಲಿಗೆ ಹೋಗಿದ್ದೆ. ಮೂರು ವರ್ಷ ಕಾವಲುಗಾರನಿಗೆ ಸಂಬಳ ಬಂತು. ನಾಲ್ಕನೇ ಬೇಸಿಗೆಗೆ ಸಂಬಳ ನಿಂತಿತು, ಕಾವಲುಗಾರ ಬೆಂಗಳೂರಿಗೆ ಹೋದ, ಗುಡ್ಡ ಉರೀತು. ಯಾರು ಹಾಕಿದ್ದು ಅಂತ ನಾವ್ಯಾರೂ ಕೇಳಲೂ ಇಲ್ಲ. ಸರ್ಕಾರದ ಗಿಡ ತಾನೇ.

ಕಾಗದದಲ್ಲಿ ಬಂಜರು

ಕಲ್ಪವಲ್ಲಿಯವರಿಗೆ ಬೆಂಕಿಗಿಂತ ದೊಡ್ಡ ಪೆಟ್ಟು ಬಿದ್ದಿದ್ದು 2010ರ ನಂತರ. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ಬಂದವು. ಅವುಗಳ ರೆಕ್ಕೆ ಸಾಗಿಸೋಕೆ ಇಳಿಜಾರು ಕಡಿದು ಅಗಲವಾದ ರಸ್ತೆ ಮಾಡಿದರು. ಕಡಿದ ಮಣ್ಣು ಹಳ್ಳಕ್ಕೆ ಜಾರಿತು. ಇಪ್ಪತ್ತು ವರ್ಷ ಕಾದ ಊರಿನವರಿಗೆ ತಡೆಯೋ ಹಕ್ಕು ಇರಲಿಲ್ಲ. ಯಾಕೆಂದರೆ ಕಂದಾಯ ದಾಖಲೆಯಲ್ಲಿ ಅದು ಕಾಡಲ್ಲ, ಸರ್ಕಾರಿ ಬಂಜರು. ದೂರು ಹಸಿರು ನ್ಯಾಯಮಂಡಳಿ ತನಕ ಹೋಯಿತು. ಯಂತ್ರಗಳು ಮಾತ್ರ ನಿಂತೇ ಬಿಟ್ಟವು.

ನಾನು ಕರೆಂಟಿಗೆ ವಿರೋಧಿಯಲ್ಲ. ನಮ್ಮ ತಿರುಮಣಿ ಕಡೆ ಸೋಲಾರ್ ಪಾರ್ಕಿಗೆ ಸುಮಾರು 13 ಸಾವಿರ ಎಕರೆ ಹೋಯಿತು. ಅಲ್ಲಿ ಪಟ್ಟಾ ಇದ್ದ ರೈತರಿಗೆ ಶುರುವಿಗೇ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಗುತ್ತಿಗೆ ಸಿಕ್ಕಿತು. ಗುಡ್ಡ ಕಾದವನ ಹತ್ತಿರ ಪಟ್ಟಾ ಇಲ್ಲ, ಅವನಿಗೆ ಏನು ಲೆಕ್ಕ? ನಮ್ಮ ಗೋಮಾಳಗಳ ಪಹಣಿ ತೆಗೆಸಿ ನೋಡಿ. ಹುಲ್ಲು, ನೀರು ಯಾವುದೂ ಅದರಲ್ಲಿ ಇರಲ್ಲ.

ಇಷ್ಟು ತಿಳಿದ ಮೇಲೂ ನಾವು ಕೆಲವರು ನಮ್ಮ ಗುಡ್ಡದ ತೆಂಕಲ ಮಗ್ಗುಲು, ಒಂದು ನಲವತ್ತು ಎಕರೆ, ಕಾಯೋಕೆ ಹಿಡಿದಿದೀವಿ. ನಾಲ್ಕು ಬೇಸಿಗೆ ಆಯಿತು. ಮೂರು ಬೇಸಿಗೆ ದಾಟಿಸಿದ್ವಿ. ಹೋದ ವರ್ಷ ಶಿವರಾತ್ರಿ ಜಾಗರಣೆ ರಾತ್ರಿ ಅರ್ಧ ಸುಟ್ಟಿತು. ಮರುದಿನ ಬೆಳಿಗ್ಗೆ ಬೂದಿಯಲ್ಲಿ ನಿಂತಾಗ, ಬಿಟ್ಟುಬಿಡೋಣ ಅಂತ ಮೊದಲು ಅಂದವನು ನಾನೇ. ಆದರೆ ಮುಂಗಾರಿನಲ್ಲಿ ಸುಟ್ಟ ಬೇವಿನ ಬುಡದಿಂದಲೂ ನಾಲ್ಕೈದು ಕವಲು ಎದ್ದವು.

ಈ ಸಲ ಸಂಕ್ರಾಂತಿಗೆ ಮುಂಚೆನೇ ಹನ್ನೆರಡು ಅಡಿ ಅಗಲ ಬೆಂಕಿದಾರಿ ಸವರಬೇಕು. ಮನೆಗೊಂದು ಆಳಿನ ಹಾಗೆ ಹದಿನಾಲ್ಕು ಮನೆ ಬರಬೇಕು ಅಂತ ಮಾತಾಗಿದೆ. ಒಂಬತ್ತು ಮನೆಯವರು ಒಪ್ಪಿದಾರೆ. ಉಳಿದ ಐದರಲ್ಲಿ ಮೂರು ಮನೆಯವರಿಗೆ ಕುರಿ ಇದೆ. ಅವರ ಹತ್ತಿರ ಮಾತಾಡೋಕೆ ರೊದ್ದಂನಿಂದ ಭಾಮೈದನನ್ನೇ ಬರೋಕೆ ಹೇಳಿದೀನಿ.