ಬಿಟ್ಟ ಮೀನು ಬದುಕಿತೆಂದು ಹೇಳಿದವರು ಯಾರು?

ಮೋಟರ್‌ಹೋಮ್ ಹೊಡೆದುಕೊಂಡು ರಾಕಿ ಪರ್ವತಗಳಿಗೆ ಹೋಗುವುದು, ಹಗಲು ಲ್ಯಾಪ್‌ಟಾಪಿನಲ್ಲಿ ಆಫೀಸು, ಸಂಜೆ ಹೊಳೆಯಲ್ಲಿ ಫ್ಲೈ ಫಿಶಿಂಗ್, ರಾತ್ರಿ ಬೆಂಕಿಯ ಸುತ್ತ ಹರಟೆ: ಇಂಥ ಪ್ರವಾಸ ಅಮೆರಿಕದಲ್ಲಿರುವ ನಮ್ಮವರಿಗೂ ಹಿಡಿಸಿದೆ. ಸಾಮಾನಿನ ಜೊತೆ ಒಂದಷ್ಟು ನಂಬಿಕೆಗಳೂ ಗಾಡಿ ಹತ್ತುತ್ತವೆ. ಹರಿಯುವ ತಿಳಿನೀರು ಶುದ್ಧ ಎಂಬುದು ಒಂದು. ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಬರಿಗಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಬೆಟ್ಟದ ಮೇಲೆ ನೀರು ಬೇಗ ಕುದಿಯುವುದರಿಂದ ಬೇಳೆಯೂ ಬೇಗ ಬೇಯುತ್ತದೆ ಎಂಬುದು ಇನ್ನೊಂದು. 2,400 ಮೀಟರ್ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಮರೆತವರು ಬೇಳೆಸಾರನ್ನೂ ಮರೆಯಬೇಕು. ಸಿಗ್ನಲ್ ಬೂಸ್ಟರ್ ಇದ್ದರೆ ಯಾವ ಕಣಿವೆಯಿಂದಲೂ ಮೀಟಿಂಗ್ ಮಾಡಬಹುದು ಎಂಬುದು ಮಗದೊಂದು; ಇಲ್ಲದ ಸಿಗ್ನಲನ್ನು ಬೂಸ್ಟರ್ ಹುಟ್ಟಿಸಲಾರದು. ಇವುಗಳಿಂದ ಕೆಡುವುದು ನಂಬಿದವರ ಹೊಟ್ಟೆ, ಅಡುಗೆ, ನೌಕರಿ. ಹಾಗಾಗಿ ಚಿಂತೆಯಿಲ್ಲ. ಆದರೆ ಒಂದು ನಂಬಿಕೆಗೆ ದಂಡ ಕಟ್ಟುವುದು ನಂಬಿದವರಲ್ಲ. ಅದೇ ‘ಹಿಡಿದು ವಾಪಸ್ ಬಿಟ್ಟರೆ ಮೀನಿಗೆ ಏನೂ ಆಗುವುದಿಲ್ಲ’ ಎಂಬುದು.

ಈ ನಂಬಿಕೆ ನಮಗೆ ಇಷ್ಟು ಸಲೀಸಾಗಿ ಒಗ್ಗುವುದಕ್ಕೆ ಕಾರಣವಿದೆ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಎಸೆದು ಪುಣ್ಯ ಕಟ್ಟಿಕೊಳ್ಳುವವರಿಗೆ, ಮೀನು ಮುಟ್ಟದ ಮನೆಯಿಂದ ಬಂದವರಿಗೆ, ಕೊಲ್ಲದ ಬೇಟೆ ಎಂದರೆ ವರವಿದ್ದಂತೆ: ಬೇಟೆಯ ರೋಮಾಂಚನವೂ ಸಿಕ್ಕಿತು, ಪಾಪವೂ ತಟ್ಟಲಿಲ್ಲ. ಪುರಾವೆ ಕೇಳಿದರೆ ಸಿಗುವ ಉತ್ತರ ಒಂದೇ: ‘ಬಿಟ್ಟ ಕೂಡಲೇ ಈಜಿಕೊಂಡು ಹೋಯಿತಲ್ಲ!’ ಹೋಯಿತು, ನಿಜ. ಅಪಘಾತವಾದ ಮೇಲೆ ಎದ್ದು ನಡೆದು ಹೋದವನು ಆ ರಾತ್ರಿಯೇ ಆಸ್ಪತ್ರೆ ಸೇರುವುದಿಲ್ಲವೇ? ಗಾಳಕ್ಕೆ ಸಿಕ್ಕಿ ಸೋತುಹೋಗುವವರೆಗೆ ಹೋರಾಡಿದ ಟ್ರೌಟ್ ಮೀನಿನ ಸ್ನಾಯುಗಳಲ್ಲಿ, ರಕ್ತದಲ್ಲಿ ಆಮ್ಲ ಏರಿರುತ್ತದೆ. ಅದು ಇಳಿಯಲು ಗಂಟೆಗಟ್ಟಲೆ ಬೇಕು. ಓಟ ಮುಗಿಸಿ ಏದುಸಿರು ಬಿಡುವವನ ಮೂಗು ಮುಚ್ಚಿದರೆ ಹೇಗೋ, ಆ ಹೊತ್ತಿನಲ್ಲಿ ಮೀನನ್ನು ನೀರಿನಿಂದ ಮೇಲೆತ್ತುವುದೂ ಹಾಗೆ. ಗಾಳಿಯಲ್ಲಿ ಕಿವಿರಿನ ನವಿರಾದ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಸಿರಾಟ ಹೆಚ್ಚುಕಡಿಮೆ ನಿಂತೇಹೋಗುತ್ತದೆ.

ಇದನ್ನು ಅಳೆದು ನೋಡಿದವರಿದ್ದಾರೆ. ಫರ್ಗ್ಯುಸನ್ ಮತ್ತು ಟಫ್ಟ್ಸ್ ಎಂಬ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ರೇನ್‌ಬೋ ಟ್ರೌಟ್‌ಗಳನ್ನು ಸುಸ್ತಾಗುವವರೆಗೆ ಓಡಿಸಿ, 12 ಗಂಟೆ ಗಮನಿಸಿದರು. ನೀರಿನಿಂದ ಹೊರಗೆ ತೆಗೆಯದ ಮೀನುಗಳಲ್ಲಿ ಸತ್ತದ್ದು ಶೇಕಡಾ 12. ಅರ್ಧ ನಿಮಿಷ ಗಾಳಿಯಲ್ಲಿ ಹಿಡಿದವುಗಳಲ್ಲಿ 38. ಒಂದು ನಿಮಿಷ ಹಿಡಿದವುಗಳಲ್ಲಿ 72. ಒಂದು ನಿಮಿಷವೆಂದರೆ ಎಷ್ಟು? ಒಂದು ಫೋಟೋ, ‘ಅಯ್ಯೋ ಕಣ್ಣು ಮುಚ್ಚಿದೆ’ ಎಂದು ಇನ್ನೊಂದು, ಮಗುವಿನ ಕೈಗೆ ಕೊಟ್ಟು ಮತ್ತೊಂದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಇದಕ್ಕಲ್ಲದೆ ಇನ್ನಾವುದಕ್ಕೆ? ಪ್ರಯೋಗಾಲಯದ ಲೆಕ್ಕ ಹೊಳೆಗೆ ಒಪ್ಪುವುದಿಲ್ಲ ಎನ್ನುವವರು ಇರುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ತಣ್ಣನೆಯ ಹೊಳೆಯಲ್ಲಿ ಬೇಗ ಎಳೆದು ಬೇಗ ಬಿಟ್ಟ ಮೀನು ಬಹಳ ಮಟ್ಟಿಗೆ ಬದುಕಿಕೊಳ್ಳುತ್ತದೆ. ಅದರಲ್ಲೂ ಫ್ಲೈ, ಅಂದರೆ ಕೊಕ್ಕೆಗೆ ಕಟ್ಟಿದ ಕೃತಕ ಹುಳು, ಕಚ್ಚಿದ ಟ್ರೌಟಿಗೆ ಎರೆಹುಳು ನುಂಗಿದ ಟ್ರೌಟಿಗಿಂತ ಅಪಾಯ ಎಷ್ಟೋ ಕಡಿಮೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 1992ರ ಇನ್ನೊಂದು ವಿಶ್ಲೇಷಣೆಯಲ್ಲಿ ಸಾವಿನ ಸರಾಸರಿ ಫ್ಲೈಗೆ ಶೇಕಡಾ 4ರ ಸುಮಾರು, ಎರೆಗೆ 31ರ ಸುಮಾರು. ಆದರೆ ಇದರಿಂದ ಸಿದ್ಧವಾಗುವುದು ‘ಏನೂ ಆಗುವುದಿಲ್ಲ’ ಎಂದಲ್ಲ. ಆಗುವುದು ಬಿಡುವಿಕೆಯ ರೀತಿಯನ್ನು ಅವಲಂಬಿಸಿದೆ ಎಂದು.

ರೀತಿಯಷ್ಟೇ ಮುಖ್ಯವಾದದ್ದು ಹೊತ್ತು. ಕೆಲಸ ಮಾಡುತ್ತಲೇ ಪ್ರವಾಸ ಮಾಡುವವರು ಎಡವುವುದು ಇಲ್ಲಿಯೇ. ಟ್ರೌಟ್ ತಣ್ಣೀರಿನ ಜೀವಿ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 23 ಡಿಗ್ರಿಯ ನೀರು ಒಂಬತ್ತನ್ನೂ ಮುಟ್ಟುವುದಿಲ್ಲ; ಎತ್ತರ ಏರಿದಷ್ಟೂ ಎರಡೂ ಇಳಿಯುತ್ತವೆ. ಬೇಸಿಗೆಯಲ್ಲಿ ಹೊಳೆ ಅತಿ ಬೆಚ್ಚಗಿರುವುದು ಮಧ್ಯಾಹ್ನದ ಇಳಿಹೊತ್ತಿನಿಂದ ಸಂಜೆಯವರೆಗೆ, ಅಂದರೆ ಲ್ಯಾಪ್‌ಟಾಪ್ ಮಡಚಿ ಗಾಳದ ಕೋಲು ಹಿಡಿಯುವ ಹೊತ್ತಿಗೇ ಸರಿಯಾಗಿ. ಮೊಂಟಾನಾದಲ್ಲಿ ನೀರಿನ ಉಷ್ಣತೆ ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 23 ಸೆಲ್ಸಿಯಸ್ ಹತ್ತಿರ, ಮುಟ್ಟಿದರೆ ಮಧ್ಯಾಹ್ನ 2ರಿಂದ ನಡುರಾತ್ರಿಯವರೆಗೆ ಮೀನು ಹಿಡಿಯುವುದನ್ನೇ ನಿಲ್ಲಿಸುವ ಕ್ರಮವಿದೆ. ಬಿಟ್ಟ ಮೀನಿಗೆ ಏನೂ ಆಗದಿದ್ದರೆ ಈ ಕ್ರಮ ಯಾರಿಗಾಗಿ?

ಹಾಗಾದರೆ ಗಾಳವನ್ನೇ ಮುಟ್ಟಬಾರದೇ ಎಂದು ಮುನಿಸಿಕೊಳ್ಳುವವರಿಗೆ ಉತ್ತರ ಯೆಲ್ಲೋಸ್ಟೋನ್ ಸರೋವರದಲ್ಲಿದೆ. ಅಲ್ಲಿಯ ಮೂಲನಿವಾಸಿ ಕಟ್‌ಥ್ರೋಟ್ ಟ್ರೌಟ್. ಯಾರೋ ಹೊರಗಿನಿಂದ ತಂದು ಬಿಟ್ಟ ಲೇಕ್ ಟ್ರೌಟ್ ಆ ಸರೋವರದಲ್ಲಿರುವುದು 1994ರಲ್ಲಿ ಖಚಿತವಾಯಿತು. ಅದು ಕಟ್‌ಥ್ರೋಟನ್ನು ತಿನ್ನುತ್ತದೆ. ಕಟ್‌ಥ್ರೋಟ್ ಮೊಟ್ಟೆಯಿಡಲು ತೊರೆಗಳಿಗೆ ಏರಿ ಕರಡಿ, ಹದ್ದುಗಳಿಗೆ ಆಹಾರವಾಗುತ್ತಿತ್ತು. ಲೇಕ್ ಟ್ರೌಟ್ ಆಳದಲ್ಲಿಯೇ ಇದ್ದು ಯಾರ ಬಾಯಿಗೂ ಸಿಗುವುದಿಲ್ಲ. ಆದ್ದರಿಂದ ಅಲ್ಲಿ ಸಿಕ್ಕ ಕಟ್‌ಥ್ರೋಟನ್ನು ಬಿಡಲೇಬೇಕು, ಲೇಕ್ ಟ್ರೌಟನ್ನು ಕೊಲ್ಲಲೇಬೇಕು. ಕೈಯಲ್ಲಿರುವುದು ಯಾವ ಮೀನೆಂದು ಗುರುತಿಸಲಾರದೆ ‘ಪಾಪ’ ಎಂದು ಬಿಟ್ಟವನು ಕಟ್‌ಥ್ರೋಟ್‌ಗಳ ಬಾಯಿಗೆ ಮಣ್ಣು ಹಾಕಿದಂತೆ. ಗಾಳ ಹಿಡಿಯಲು ಪರವಾನಗಿ ಸಾಲದು, ಮೀನಿನ ಪರಿಚಯವೂ ಬೇಕು.

ನಮ್ಮ ನಂಬಿಕೆಗಳ ದೊಡ್ಡ ರೋಗವೇ ಇದು. ಕಣ್ಣಮುಂದೆ ಸಾಯದಿದ್ದರೆ ಸಾಯಲಿಲ್ಲ, ಮನಸ್ಸಿಗೆ ಹಿತವಾದರೆ ಸತ್ಯ. ಮೂರ್ತಿ ಮುಳುಗಿದ ಕೂಡಲೇ ಕೆರೆ ಶುದ್ಧ, ಪ್ಲಾಸ್ಟಿಕ್ ಕಣ್ಮರೆಯಾದ ಕೂಡಲೇ ಊರು ಸ್ವಚ್ಛ ಎನ್ನುವ ಬುದ್ಧಿಯೇ ‘ಈಜಿಕೊಂಡು ಹೋಯಿತಲ್ಲ’ ಎಂದೂ ಹೇಳಿಸುತ್ತದೆ. ಇದಕ್ಕೆ ಮದ್ದು ದುಬಾರಿಯೇನಲ್ಲ. ಹಿಮ್ಮುಳ್ಳಿಲ್ಲದ ಕೊಕ್ಕೆ ಬಳಸಿ, ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಮೀನನ್ನು ನೀರಲ್ಲೇ ಇಟ್ಟು ಕೊಕ್ಕೆ ಬಿಡಿಸಿ. ಗಾಳ ಎಸೆಯುವ ಮುನ್ನ ಹೊಳೆಗೆ ಒಂದು ಥರ್ಮಾಮೀಟರ್ ಇಳಿಸಿ. ಅದು 20 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಆ ಸಂಜೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯಿರಿ. ಮರುದಿನ ಆಫೀಸು ಶುರುವಾಗುವ ಮೊದಲು, ಬೆಳಕು ಹರಿಯುವಾಗ ನೀರಿಗಿಳಿಯಿರಿ.